ಶರಾಫ್, ವಿಯಾಕ್ ಮತ್ತು ಎರಡು ಬರಹಗಳು: ಕ್ರೊವೇಷಿಯಾದ ವೃತ್ತಿಶಾಲೆಗಳಲ್ಲಿ ತಾಯ್ನುಡಿಯ ಪಾಠ

ಒಂದು ಸ್ಕ್ರೂವಿನಿಂದ ಮಾತು ಶುರು ಮಾಡುತ್ತೇನೆ. ಕ್ರೊವೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಶರಾಫ್’ ಬೇಕು ಎಂದರೆ ಅಂಗಡಿಯವನು ಎಷ್ಟು ಉದ್ದದ್ದು ಎಂದು ಕೇಳುತ್ತಾನೆ. ಹಾಗೆಂದರೇನು ಎಂದು ಕೇಳುವುದಿಲ್ಲ. ಆದರೆ ಅವನು ಕೊಡುವ ಡಬ್ಬಿಯ ಮೇಲೆ ಆ ಪದ ಇರುವುದಿಲ್ಲ. ಅಲ್ಲಿ ಅಚ್ಚಾಗಿರುವುದು ‘ವಿಯಾಕ್’. ಅದನ್ನು ತಿರುಗಿಸುವ ಸ್ಕ್ರೂಡ್ರೈವರ್ ಜನರ ಬಾಯಲ್ಲಿ ‘ಶ್ರಾಫ್‌ಸಿಗೆರ್’, ಪಠ್ಯಪುಸ್ತಕದಲ್ಲಿ ‘ಓದ್ವಿಯಾಚ್’. ಪ್ಲಗ್ಗು ಬಾಯಲ್ಲಿ ‘ಶ್ಟೆಕೆರ್’, ಪುಸ್ತಕದಲ್ಲಿ ‘ಉತಿಕಾಚ್’. ಗೋಡೆ ಕೊರೆಯುವ ಡ್ರಿಲ್ಲು ಒಂದು ಕಡೆ ‘ಬೋರ್‌ಮಶೀನಾ’, ಇನ್ನೊಂದು ಕಡೆ ‘ಬುಶಿಲಿತ್ಸಾ’. ಬಾಯಲ್ಲಿರುವವೆಲ್ಲ ಜರ್ಮನ್‌ನಿಂದ ಬಂದವು. ಜಾಗ್ರೆಬ್ ಇರುವ ಒಳನಾಡು 1527ರಿಂದ 1918ರವರೆಗೆ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿತ್ತು. ಕಸುಬು ಕಲಿತವರು ಕಸುಬಿನ ಜೊತೆ ಅದರ ಮಾತನ್ನೂ ಕಲಿತರು. ಕರಾವಳಿಯ ಕಥೆ ಬೇರೆ. ಅದರ ಬಹುಭಾಗವನ್ನು ವೆನಿಸ್ ಆಳಿತು, ಹಾಗಾಗಿ ಊಟದ ಮೇಜಿನ ಮೇಲಿನ ಫೋರ್ಕು ಕೂಡ ವೆನಿಸ್‌ನ ಮಾತಿನ ‘ಪಿರೂನ್’.

ಈ ಜೋಡಿಪದಗಳನ್ನು ನಾನು ನಿಘಂಟು ನೋಡಿ ಕಲಿತದ್ದಲ್ಲ. ನಮ್ಮ ಯಜಮಾನರ ಕೆಲಸದ ನಿಮಿತ್ತ ಎರಡು ವರ್ಷ ಜಾಗ್ರೆಬ್‌ನಲ್ಲಿದ್ದೆವು. ತ್ರೆಶ್ನ್ಯೆವ್ಕಾ ಎಂಬ ಬಡಾವಣೆಯಲ್ಲಿ, ಟ್ರ್ಯಾಮ್ ಸದ್ದು ಕೇಳುವಷ್ಟು ಹತ್ತಿರದಲ್ಲಿ, ನಾಲ್ಕು ಮಹಡಿಯ ಹಳೆಯ ಕಟ್ಟಡ. ಮನೆಯೊಡತಿಗೆ ಎಪ್ಪತ್ತೈದರ ಆಸುಪಾಸು. ಮೊಮ್ಮಗ ಅವರನ್ನು ‘ಬಾಕಾ’ ಎನ್ನುತ್ತಿದ್ದ, ಎಂದರೆ ಅಜ್ಜಿ. ನಾವೂ ಹಾಗೆಯೇ ಕರೆದೆವು. ಆ ಮೊಮ್ಮಗ ಎಲೆಕ್ಟ್ರಿಕಲ್ ವಿಭಾಗದ ವೃತ್ತಿಶಾಲೆಯ ಕೊನೆಯ ವರ್ಷದಲ್ಲಿದ್ದ. ನಾನು ಅವನಿಗೆ ಇಂಗ್ಲಿಷ್ ಹೇಳಿಕೊಡುವುದು, ಅವನು ನನಗೆ ಕ್ರೊವೇಷಿಯನ್ ಹೇಳಿಕೊಡುವುದು ಎಂದು ಒಪ್ಪಂದವಾಯಿತು. ಇಂದು ನಾನು ಹೇಳುವುದರಲ್ಲಿ ಅರ್ಧ ಆ ಅಡುಗೆಮನೆಯ ಮೇಜಿನ ಮೇಲೆ ಕಲಿತದ್ದು.

ಮೊದಲ ವಾರದಲ್ಲೇ ನನಗೆ ಗೊತ್ತಾದದ್ದೇನೆಂದರೆ, ಈ ಹುಡುಗನ ನಾಲಗೆಯ ಮೇಲೆ ಮೂರು ಕ್ರೊವೇಷಿಯನ್‌ಗಳಿವೆ. ಅಜ್ಜಿಯ ಜೊತೆ ಅವನಾಡುವುದು ಕೈಕಾವಿಯನ್ ಉಪಭಾಷೆ. ಆ ದೇಶದ ಮೂರು ಉಪಭಾಷೆಗಳಿಗೆ ಹೆಸರು ಬಂದಿರುವುದು ‘ಏನು’ ಎಂಬ ಪ್ರಶ್ನೆಪದದಿಂದ. ‘ಕೈ’ ಎನ್ನುವವರದು ಕೈಕಾವಿಯನ್, ‘ಚಾ’ ಎನ್ನುವವರದು ಚಾಕಾವಿಯನ್, ‘ಶ್ಟೊ’ ಎನ್ನುವವರದು ಶ್ಟೊಕಾವಿಯನ್. ಶಾಲೆಯ ಕಾರ್ಯಾಗಾರದಲ್ಲಿ ಅವನ ಮಾತು ಶರಾಫ್, ಶ್ಟೆಕೆರ್‌ಗಳ ಜರ್ಮನ್ ಮಿಶ್ರಿತ ಕಸುಬಿನ ಮಾತು. ಭಾಷಾಪಾಠದ ತರಗತಿಯಲ್ಲಿ ಶ್ಟೊಕಾವಿಯನ್ ಆಧಾರದ ಪ್ರಮಾಣ ಭಾಷೆ. ವಿಶ್ವವಿದ್ಯಾಲಯಕ್ಕೆ ಬಾಗಿಲು ತೆರೆಯುವುದು ಈ ಮೂರನೆಯದು. ಅವನು ದಿನದಲ್ಲಿ ಅತಿ ಕಡಿಮೆ ಹೊತ್ತು ಬಳಸುವುದೂ ಇದನ್ನೇ.

ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಟು ವರ್ಷದ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ದಾರಿ ಆರಿಸಿಕೊಳ್ಳುತ್ತಾರೆ. ಒಂದು ಗಿಮ್ನಾಜಿಯಾ, ನಾಲ್ಕು ವರ್ಷದ ಸಾಮಾನ್ಯ ವಿದ್ಯಾಭ್ಯಾಸ, ನೇರ ವಿಶ್ವವಿದ್ಯಾಲಯದ ಕಡೆಗೆ ಮುಖ. ಇನ್ನೊಂದು ವೃತ್ತಿಶಾಲೆ: ಎಲೆಕ್ಟ್ರಿಕಲ್, ಅರ್ಥಶಾಸ್ತ್ರ, ಹೋಟೆಲು ಮತ್ತು ಪ್ರವಾಸೋದ್ಯಮ, ಕಟ್ಟಡ ಕೆಲಸ, ಕ್ಷೌರ, ಹೀಗೆ. ಕೆಲವು ಕೋರ್ಸು ಮೂರು ವರ್ಷ, ಕೆಲವು ನಾಲ್ಕು, ನರ್ಸಿಂಗ್ ಐದು. ಪ್ರೌಢಶಾಲೆಯ ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿ ಈ ಎರಡನೆಯ ದಾರಿಯವರು. ವೃತ್ತಿಶಾಲೆ ಎಂದೊಡನೆ ‘ಓದು ಹತ್ತದ ಮಕ್ಕಳು’ ಎಂದು ತಲೆಯಾಡಿಸುವವರು ಅಲ್ಲಿಯೂ ಇದ್ದಾರೆ. ಆದರೆ ನಾಲ್ಕು ವರ್ಷದ ಕೋರ್ಸು ಮುಗಿಸಿದವರಲ್ಲಿ ದೊಡ್ಡ ಪಾಲು ಮುಂದೆ ಓದಲು ಹೊರಡುತ್ತದೆ. ಮೂರು ವರ್ಷದವರಿಗೆ ನೇರ ದಾರಿಯಿಲ್ಲ. ಅವರು ಇನ್ನೊಂದು ವರ್ಷ ಓದಿ, ಬಿಟ್ಟುಹೋದ ವಿಷಯಗಳ ಪರೀಕ್ಷೆ ಕಟ್ಟಿ, ನಾಲ್ಕನೆಯ ವರ್ಷದವರ ಸಾಲಿಗೆ ಬರಬೇಕು.

ಬಾಗಿಲಲ್ಲಿ ನಿಂತಿರುವುದು ‘ದ್ರ್ಜಾವ್ನಾ ಮತುರಾ’, ರಾಜ್ಯಮಟ್ಟದ ಮತುರಾ ಪರೀಕ್ಷೆ. 2009–10ನೇ ಶೈಕ್ಷಣಿಕ ವರ್ಷದಲ್ಲಿ ಜಾರಿಗೆ ಬಂತು. ಗಿಮ್ನಾಜಿಯಾದವರಿಗೆ ಕಡ್ಡಾಯ, ಅವರ ಓದು ಮುಗಿಯುವುದೇ ಅದರಿಂದ. ವೃತ್ತಿಶಾಲೆಯವರಿಗೆ ಐಚ್ಛಿಕ. ಐಚ್ಛಿಕ ಎಂಬ ಪದದಲ್ಲಿ ಒಂದು ಚಮತ್ಕಾರವಿದೆ, ಗಮನಿಸಿ. ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂಬ ಆಸೆ ಹುಟ್ಟಿದ ಗಳಿಗೆಯಲ್ಲೇ ಅದು ಕಡ್ಡಾಯವಾಗುತ್ತದೆ. ಎಲ್ಲರೂ ಬರೆಯಬೇಕಾದ ವಿಷಯ ಮೂರು: ಕ್ರೊವೇಷಿಯನ್, ಗಣಿತ, ಒಂದು ವಿದೇಶಿ ಭಾಷೆ. ಶಾಲೆಯ ಅಂಕಗಳನ್ನೂ ಮತುರಾದ ಫಲಿತಾಂಶವನ್ನೂ ಕೂಡಿಸಿ ಪ್ರವೇಶದ ಅಂಕ ಹಾಕುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಆಯಾ ಕೋರ್ಸಿನವರು ತೀರ್ಮಾನಿಸುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ಭಾಷೆಯ ಮೇಷ್ಟ್ರುಗಳಿಗೆ ಲೆಕ್ಕ ಎಂದರೆ ಬೇಸರ ಎಂದು ಗೊತ್ತು, ಆದರೂ ಕೇಳಿ. ಗಿಮ್ನಾಜಿಯಾದಲ್ಲಿ ವಾರಕ್ಕೆ ನಾಲ್ಕು ಪೀರಿಯಡ್ ಕ್ರೊವೇಷಿಯನ್. ನಾಲ್ಕು ವರ್ಷದ ವೃತ್ತಿ ಕೋರ್ಸುಗಳಲ್ಲಿ ಕೆಲವಕ್ಕೆ ನಾಲ್ಕು ಇದ್ದರೂ ಹಲವಕ್ಕೆ ಮೂರೇ. ಮೊದಲ ಮೂರು ವರ್ಷ 35 ವಾರ ಪಾಠ, ಕೊನೆಯ ವರ್ಷ ಪರೀಕ್ಷೆಗಳಿಂದಾಗಿ 32 ವಾರ. ಗಿಮ್ನಾಜಿಯಾದ ವಿದ್ಯಾರ್ಥಿಗೆ ಒಟ್ಟು 548 ಪೀರಿಯಡ್ ಸಿಕ್ಕಿದರೆ ಮೂರು ಪೀರಿಯಡ್‌ನವನಿಗೆ ಸಿಗುವುದು 411. ವ್ಯತ್ಯಾಸ 137. ವೃತ್ತಿಶಾಲೆಯ ಒಂದು ಇಡೀ ವರ್ಷದ ಭಾಷಾಪಾಠವೇ 105 ಪೀರಿಯಡ್! ಅಂದರೆ ನಮ್ಮ ಹುಡುಗ ಒಂದು ವರ್ಷಕ್ಕೂ ಹೆಚ್ಚಿನ ಪಾಠ ಬಾಕಿ ಇಟ್ಟುಕೊಂಡೇ ಪರೀಕ್ಷೆಯ ಕೋಣೆಗೆ ಹೋಗುತ್ತಾನೆ.

ಮೊದಲು ಇದಕ್ಕೊಂದು ಮೆತ್ತೆ ಇತ್ತು. ಕ್ರೊವೇಷಿಯನ್ ಪರೀಕ್ಷೆ ಎರಡು ಮಟ್ಟದಲ್ಲಿ ನಡೆಯುತ್ತಿತ್ತು, ಮೇಲಿನದು ‘ಎ’, ಮೂಲಮಟ್ಟದ್ದು ‘ಬಿ’. 2021–22ರಿಂದ ಮಟ್ಟ ಒಂದೇ ಆಯಿತು. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲ, ಸಂಕೇತ ಮಾತ್ರ. ಬರೆದವನು ಯಾವ ಶಾಲೆಯವನು ಎಂದು ತಿದ್ದುವವರಿಗೆ ತಿಳಿಯುವುದಿಲ್ಲ. ಇದು ನ್ಯಾಯವೇ? ತಿದ್ದುವ ಮಟ್ಟಿಗೆ ನ್ಯಾಯವೇ. ಎರಡು ಮಟ್ಟ ಇದ್ದಾಗ ‘ಇವರಿಗೆ ಇಷ್ಟು ಸಾಕು’ ಎಂದು ಶಾಲೆಯೇ ಮಕ್ಕಳನ್ನು ಕೆಳಗೆ ಕೂರಿಸುವ ಅಪಾಯ ಇತ್ತು, ಅದು ಹೋಯಿತು. ಆದರೆ ಓಟದ ಗೆರೆಯನ್ನು ಒಂದೇ ಮಾಡಿ, ಅಭ್ಯಾಸದ ದಿನಗಳನ್ನು ಹಾಗೆಯೇ ಬಿಟ್ಟರೆ ನಾನು ಅದನ್ನು ಪೂರ್ತಿ ನ್ಯಾಯ ಎನ್ನಲಾರೆ.

ಪರೀಕ್ಷೆಯಲ್ಲಿ ಎರಡು ಭಾಗ. ಒಂದು, ಸಾಹಿತ್ಯ ಮತ್ತು ಭಾಷೆಯ ಪ್ರಶ್ನೆಗಳು. ಇನ್ನೊಂದು ‘ಶ್ಕೊಲ್ಸ್ಕಿ ಎಸೆಯ್’, ಶಾಲಾ ಪ್ರಬಂಧ. ಪ್ರಬಂಧ ಎಂದರೆ ಹಸು, ಮಳೆಗಾಲಗಳ ಮೇಲಿನದಲ್ಲ. ಸಾಹಿತ್ಯ ಕೃತಿಯನ್ನು ಬಿಡಿಸಿ ನೋಡುವ ಬರಹ. ಭಾಷೆಯ ಪ್ರಶ್ನೆಗಳಲ್ಲಿ ಮಕ್ಕಳ ಕಾಲು ಜಾರಿಸುವ ಎರಡು ಹಳೆಯ ಗುಂಡಿಗಳಿವೆ, ಸ್ವಲ್ಪ ಹೊತ್ತು ಅವುಗಳ ಹತ್ತಿರ ನಿಲ್ಲೋಣ.

ಕ್ರೊವೇಷಿಯನ್‌ನಲ್ಲಿ ಎರಡು ‘ಚ’ಗಳಿವೆ. ಒಂದು ಗಟ್ಟಿ, ಅದರ ತಲೆಯ ಮೇಲೆ ಪುಟ್ಟ ಕೊಕ್ಕೆ. ಇನ್ನೊಂದು ಮೆತ್ತಗೆ, ಅದರ ತಲೆಯ ಮೇಲೆ ಓರೆ ಗೀಟು. ‘ಚೊವ್ಯೆಕ್’, ಮನುಷ್ಯ, ಇದಕ್ಕೆ ಗಟ್ಟಿ ಚ. ‘ಕುಚಾ’, ಮನೆ, ಇದಕ್ಕೆ ಮೆದು ಚ. ಜಾಗ್ರೆಬ್ ಕಡೆಯ ಅನೇಕರ ಬಾಯಲ್ಲಿ ಎರಡಕ್ಕೂ ಒಂದೇ ಸದ್ದು. ಕಿವಿಯಲ್ಲಿ ಇಲ್ಲದ ವ್ಯತ್ಯಾಸವನ್ನು ಕೈ ಹೇಗೆ ಬರೆಯಬೇಕು? ಮನೆಯಲ್ಲಿ ಯಾರೂ ಆಡದ ಮಹಾಪ್ರಾಣವನ್ನು ಪರೀಕ್ಷೆಯಲ್ಲಿ ಬರೆಯಬೇಕಾದ ನಮ್ಮ ಮಕ್ಕಳ ಕಷ್ಟವೇ ಅದು. ಇಲ್ಲಿ ಕೂತ ನಿಮ್ಮಲ್ಲಿ ಎಷ್ಟು ಮಂದಿ ‘ವಿಧ್ಯಾರ್ಥಿ’ಯನ್ನು ತಿದ್ದಿ ತಿದ್ದಿ ಕೆಂಪು ಪೆನ್ನು ಮುಗಿಸಿದ್ದೀರಿ, ಕೈ ಎತ್ತಿ ಎಂದರೆ ಸಭೆಯೇ ಎದ್ದೀತು. ಎರಡನೆಯ ಗುಂಡಿ ‘ಇಯೆ’ ಮತ್ತು ‘ಯೆ’. ಪದಕ್ಕೆ ‘ರಿಯೆಚ್’ ಎನ್ನುತ್ತಾರೆ, ನಿಘಂಟಿಗೆ ‘ರ್ಯೆಚ್ನಿಕ್’. ಸುಂದರ ಎಂಬುದು ‘ಲಿಯೆಪ್’, ಇನ್ನೂ ಸುಂದರ ಎಂದಾಗ ‘ಲ್ಯೆಪ್ಶಿ’. ಸ್ವರ ಗಿಡ್ಡವಾದಾಗ ಬರಹವೂ ಗಿಡ್ಡವಾಗುತ್ತದೆ. ಸೂತ್ರ ಸರಳ, ಆದರೆ ಕೈಕಾವಿಯನ್ ಮನೆಯಲ್ಲಿ ಆ ಇಯೆಯೂ ಇಲ್ಲ, ಯೆಯೂ ಇಲ್ಲ, ಬರಿ ಒಂದು ಎಕಾರ.

ಆ ಕೊಕ್ಕೆಯ ಅಕ್ಷರಗಳನ್ನು ತಂದವನು ಲ್ಯುದೆವಿತ್ ಗೈ. 1830ರಲ್ಲಿ ಹೊಸ ಲಿಪಿಪದ್ಧತಿಯ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅವನು ಹುಟ್ಟಿದ್ದು ಕ್ರಾಪಿನಾದಲ್ಲಿ, ಅಪ್ಪಟ ಕೈಕಾವಿಯನ್ ಸೀಮೆ. ನಾಡನ್ನೆಲ್ಲ ಒಂದು ಭಾಷೆಯಲ್ಲಿ ಕೂಡಿಸಬೇಕೆಂದು ತನ್ನ ಮನೆಮಾತನ್ನು ಬದಿಗಿಟ್ಟು ಶ್ಟೊಕಾವಿಯನ್ ಪರ ನಿಂತ. ಆಗ ಅಲ್ಲಿಯ ಶಾಸನಸಭೆಯ ಭಾಷೆ ಲ್ಯಾಟಿನ್. ಅದು ಕ್ರೊವೇಷಿಯನ್ ಆದದ್ದು 1847ರಲ್ಲಿ. ಇಷ್ಟು ಹೋರಾಡಿ ಪಡೆದ ಭಾಷೆ ಎಂಬ ಕಾರಣಕ್ಕೇ ಅಲ್ಲಿಯ ಶಾಲೆಗಳಲ್ಲಿ ತಪ್ಪು ಒಪ್ಪಿನ ವಿಚಾರ ಬಂದರೆ ದನಿ ಏರುತ್ತದೆ. 2024ರಲ್ಲಿ ಸಂಸತ್ತು ಕ್ರೊವೇಷಿಯನ್ ಭಾಷೆಗಾಗಿಯೇ ಒಂದು ಕಾಯ್ದೆ ಮಾಡಿತು.

ಗೈ ಬಗ್ಗೆ ಹೇಳಿ ಶೂಲೆಕ್ ಬಗ್ಗೆ ಹೇಳದಿದ್ದರೆ ವೃತ್ತಿಶಾಲೆಯ ಕಥೆ ಪೂರ್ತಿಯಾಗುವುದಿಲ್ಲ. ಬೊಗೊಸ್ಲಾವ್ ಶೂಲೆಕ್ ಹುಟ್ಟಿನಿಂದ ಸ್ಲೊವಾಕ್. ಕ್ರೊವೇಷಿಯನ್ ಅವನು ಕಲಿತ ಭಾಷೆ. 1874–75ರಲ್ಲಿ ಅವನ ವಿಜ್ಞಾನ ಪದಕೋಶ ಹೊರಬಂತು. ಅವನು ಬಳಕೆಗೆ ತಂದ ಪದಗಳಲ್ಲಿ ಎರಡನ್ನು ಕೇಳಿ. ‘ವೋದಾ’ ಎಂದರೆ ನೀರು, ಅದರಿಂದ ‘ವೋದಿಕ್’. ‘ಕಿಸೆಲೊ’ ಎಂದರೆ ಹುಳಿ, ಅದರಿಂದ ‘ಕಿಸಿಕ್’. ನಮ್ಮ ಜಲಜನಕ ಮತ್ತು ಆಮ್ಲಜನಕ! ಮೊದಲ ಸಲ ಇದು ಹೊಳೆದಾಗ ನಾನು ಅಡುಗೆಮನೆಯಲ್ಲಿ ಕೂಗಿಬಿಟ್ಟೆ, ಬಾಕಾ ಗಾಬರಿಯಾಗಿ ಗ್ಯಾಸ್ ಆರಿಸಿದರು. ಅಲ್ಲಿಯ ಮಕ್ಕಳು ಭೌತಶಾಸ್ತ್ರ, ರಸಾಯನಶಾಸ್ತ್ರ, ವಿದ್ಯುತ್ ಶಾಸ್ತ್ರವನ್ನು ತಮ್ಮ ಭಾಷೆಯಲ್ಲೇ ಓದುತ್ತಾರೆ, ವಿಶ್ವವಿದ್ಯಾಲಯದಲ್ಲೂ ಅದೇ ಭಾಷೆಯಲ್ಲಿ ಮುಂದುವರಿಸುತ್ತಾರೆ. ಹಾಗಾಗಿ ಅಲ್ಲಿ ಭಾಷಾಪಾಠ ಸಾಹಿತ್ಯದ ಪಾಠವಾಗಿ ಮಾತ್ರ ಉಳಿಯಲು ಆಗುವುದಿಲ್ಲ. ಎಂಜಿನಿಯರಿಂಗ್ ಓದುವವನಿಗೂ ಅದೇ ಹಾರೆ, ಅದೇ ಗುದ್ದಲಿ.

ವಿಶ್ವವಿದ್ಯಾಲಯ ಈ ಹಾರೆಯಿಂದ ಏನು ಮಾಡಿಸುತ್ತದೆ? ಮೊದಲ ವರ್ಷದಲ್ಲೇ ಉದ್ದನೆಯ ಪಠ್ಯವನ್ನು ಓದಿ ಸಾರ ಹಿಡಿಯಬೇಕು. ‘ಸೆಮಿನಾರ್ಸ್ಕಿ ರಾದ್’, ಎಂದರೆ ಸೆಮಿನಾರಿನ ಪ್ರಬಂಧ, ಬರೆಯಬೇಕು, ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆ ಎಂದು ತೋರಿಸಬೇಕು. ಮೌಖಿಕ ಪರೀಕ್ಷೆಯಂತೂ ಅಲ್ಲಿ ಬಲವಾದ ಸಂಪ್ರದಾಯ. ಪ್ರಾಧ್ಯಾಪಕರ ಎದುರು ಕೂತು, ಪ್ರಶ್ನೆ ಕೇಳಿ, ಪೂರ್ತಿ ವಾಕ್ಯಗಳಲ್ಲಿ ಉತ್ತರ ಕಟ್ಟಬೇಕು. 2019ರ ಹೊಸ ಪಠ್ಯಕ್ರಮಕ್ಕೆ ಇದೆಲ್ಲ ಗೊತ್ತು. ಅದು ವಿಷಯವನ್ನು ಮೂರು ಕ್ಷೇತ್ರವಾಗಿ ಹಂಚಿದೆ: ಭಾಷೆ ಮತ್ತು ಸಂವಹನ, ಸಾಹಿತ್ಯ ಮತ್ತು ಸೃಜನಶೀಲತೆ, ಸಂಸ್ಕೃತಿ ಮತ್ತು ಮಾಧ್ಯಮ. ಆಡುಮಾತಿನ ಶೈಲಿ, ಪತ್ರಿಕೆಯ ಶೈಲಿ, ಕಚೇರಿಯ ಶೈಲಿ, ವಿಜ್ಞಾನದ ಶೈಲಿ ಎಂದು ಬೇರೆ ಬೇರೆಯಾಗಿ ಕಲಿಸುತ್ತಾರೆ. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಎದುರಿಗೆ ಮತುರಾ ನಿಂತಿರುವಾಗ, ಕೈಯಲ್ಲಿ ವಾರಕ್ಕೆ ಮೂರೇ ಪೀರಿಯಡ್ ಇರುವಾಗ, ಮೇಷ್ಟ್ರು ಏನನ್ನು ಕಲಿಸುತ್ತಾರೆ? ಪರೀಕ್ಷೆ ಕೇಳುವುದನ್ನು. ನೀವೂ ಅದನ್ನೇ ಮಾಡುತ್ತೀರಿ, ನಾನೂ ಅದನ್ನೇ ಮಾಡಿದ್ದೇನೆ.

ಈಗ ಮೇ ತಿಂಗಳ ಒಂದು ಸಂಜೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಮೇಜಿನ ಮೇಲೆ ಎರಡು ಬರಹಗಳು. ಎಡಗಡೆ ಮತುರಾ ತಯಾರಿಯ ಪ್ರಬಂಧ. ಬಲಗಡೆ ‘ಜಾವರ್ಶ್ನಿ ರಾದ್’. ರಾದ್ ಎಂದರೆ ಕೆಲಸ. ಇದು ಕೊನೆಯ ಕೆಲಸ. ವೃತ್ತಿಶಾಲೆಯವರಿಗೆ ಮತುರಾ ಐಚ್ಛಿಕವಾದರೂ ಇದು ಕಡ್ಡಾಯ. ಒಬ್ಬ ಮಾರ್ಗದರ್ಶಕ ಮೇಷ್ಟ್ರ ಕೆಳಗೆ, ತನ್ನ ಕಸುಬಿಗೆ ಸೇರಿದ ವಿಷಯ ಹಿಡಿದು, ಏನಾದರೂ ಮಾಡಿ, ಅದರ ಬಗ್ಗೆ ಬರೆದು, ಸಮಿತಿಯ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕು. ಗಿಮ್ನಾಜಿಯಾದವರಿಗೆ ಇದು ಇಲ್ಲ. ಗಮನಿಸಿ, ವಿಶ್ವವಿದ್ಯಾಲಯದಲ್ಲಿ ಮೊದಲ ಪದವಿ ಮುಗಿಸುವಾಗ ಬರೆಯುವ ಪ್ರಬಂಧದ ಹೆಸರೂ ಜಾವರ್ಶ್ನಿ ರಾದ್ ಎಂದೇ.

ಹುಡುಗ ಆರಿಸಿಕೊಂಡದ್ದು ಮೆಟ್ಟಿಲ ದೀಪ. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ಗುಂಡಿ ಒತ್ತಿದರೆ ಮೆಟ್ಟಿಲ ದೀಪಗಳು ಹತ್ತಿಕೊಳ್ಳುತ್ತವೆ, ಸ್ವಲ್ಪ ಹೊತ್ತಿಗೆ ತಾವೇ ಆರಿಹೋಗುತ್ತವೆ. ಆ ಟೈಮರಿನ ಹೆಸರು ‘ಸ್ತುಬಿಶ್ನಿ ಅವ್ತೊಮಾತ್’. ಅದರ ಬದಲು ಚಲನೆ ಗುರುತಿಸುವ ಸೆನ್ಸರ್ ಹಾಕುವುದು ಅವನ ಯೋಜನೆ. ಚಳಿಗಾಲವೆಲ್ಲ ಹಲಗೆಯೊಂದರ ಮೇಲೆ ಮೆಟ್ಟಿಲ ಮಾದರಿ ಕಟ್ಟಿ, ತಂತಿ ಎಳೆದು, ಸ್ಕ್ರೂ ಬಿಗಿದಿದ್ದ. ಅವನ ಬರಹ ತೆರೆದೆ. ‘ಸ್ತುಬಿಶ್ನಿ ಅವ್ತೊಮಾತ್ ಎಂಬುದು ಒಂದು ಉಪಕರಣವಾಗಿದ್ದು…’ ಎಂದು ಶುರು. ಕಂಪನಿಯೊಂದರ ಕ್ಯಾಟಲಾಗಿನಿಂದ ಎತ್ತಿದ್ದು ಎಂದು ನನ್ನಂಥ ಪರದೇಶಿಗೂ ಗೊತ್ತಾಗುವಂತಿತ್ತು.

‘ಟೈಮರ್ ಇದೆಯಲ್ಲ, ಸೆನ್ಸರ್ ಏಕೆ ಬೇಕು?’ ಎಂದು ಕೇಳಿದೆ.

‘ಬಾಕಾ ಚೀಲ ಹಿಡಿದು ಮೂರನೆಯ ಮಹಡಿ ಹತ್ತುವಷ್ಟರಲ್ಲಿ ದೀಪ ಆರಿಹೋಗುತ್ತದೆ’ ಎಂದ.

‘ಟೈಮರನ್ನೇ ಜಾಸ್ತಿ ಹೊತ್ತಿಗೆ ಇಟ್ಟರಾಯಿತು.’

‘ಆಗ ಯಾರೋ ಒಬ್ಬ ಒಂದನೆಯ ಮಹಡಿಗೆ ಹೋದರೂ ನಾಲ್ಕೂ ಮಹಡಿಯ ದೀಪ ಉರಿಯುತ್ತದೆ. ಬಿಲ್ಲು ಎಲ್ಲರೂ ಹಂಚಿಕೊಳ್ಳುವುದು. ನೆಲಮಹಡಿಯವರು ಈಗಾಗಲೇ ಜಗಳ ಆಡುತ್ತಿದ್ದಾರೆ. ಸೆನ್ಸರ್ ಆದರೆ ಆಯಾ ಮಹಡಿಯದು ಮಾತ್ರ ಹತ್ತುತ್ತದೆ. ಆದರೆ ಬೀದಿ ಬಾಗಿಲಿಗೆ ಎದುರಾಗಿ ಇಡಬಾರದು, ಹೊರಗೆ ಓಡಾಡುವವರಿಗೆಲ್ಲ ಹತ್ತಿಕೊಳ್ಳುತ್ತದೆ.’

‘ಇದೆಲ್ಲ ಬರಹದಲ್ಲಿ ಎಲ್ಲಿದೆ?’

‘ಇದನ್ನೆಲ್ಲ ಬರೆಯಬಾರದು. ಇದು ಸ್ತ್ರುಚ್ನೊ ಅಲ್ಲ.’

ಸ್ತ್ರುಚ್ನೊ ಎಂದರೆ ಪರಿಣತರಿಗೆ ತಕ್ಕದ್ದು, ಶಾಸ್ತ್ರೀಯವಾದದ್ದು. ತನ್ನ ತಲೆಯಲ್ಲಿ ಹುಟ್ಟಿದ್ದು ಶಾಸ್ತ್ರೀಯವಲ್ಲ, ಕ್ಯಾಟಲಾಗಿನದು ಶಾಸ್ತ್ರೀಯ ಎಂದು ಅವನು ನಂಬಿದ್ದ. ಆಮೇಲೆ ಎಡಗಡೆಯ ಪ್ರಬಂಧ ನೋಡಿದೆ. ಅಲ್ಲಿಯೂ ಮೊದಲ ಪ್ಯಾರಾ ಬಾಯಿಪಾಠದ್ದು, ಲೇಖಕ ಯಾವ ಕಾಲಕ್ಕೆ ಸೇರಿದವನು, ಆ ಕಾಲದ ಲಕ್ಷಣಗಳೇನು ಎಂದು. ಕಸುಬಿನ ಬರಹಕ್ಕೆ ಕ್ಯಾಟಲಾಗು, ಸಾಹಿತ್ಯದ ಬರಹಕ್ಕೆ ಗೈಡು. ಮಧ್ಯದಲ್ಲಿ, ಮೇಜಿನ ಈಚೆ, ಹುಡುಗ ಬಾಯಲ್ಲಿ ಆಡಿದ ಆರು ವಾಕ್ಯ. ಅದರಲ್ಲಿ ಸಮಸ್ಯೆ ಇತ್ತು, ನನ್ನ ಆಕ್ಷೇಪಕ್ಕೆ ಉತ್ತರ ಇತ್ತು, ಸಾಕ್ಷಿ ಇತ್ತು, ತನ್ನ ವಾದಕ್ಕೆ ತಾನೇ ಹಾಕಿಕೊಂಡ ಮಿತಿಯೂ ಇತ್ತು. ವಿಶ್ವವಿದ್ಯಾಲಯ ಕೇಳುವ ಬರಹದ ಎಲುಬುಗೂಡು ಇನ್ನೇನು?

ಇಷ್ಟು ಹೇಳುವುದಕ್ಕೇ ನಾನು ಇಂದು ನಿಂತದ್ದು. ವೃತ್ತಿಶಾಲೆಯ ವಿದ್ಯಾರ್ಥಿಯ ಭಾಷೆ ಹಿಂದೆ ಬಿದ್ದಿದೆ ಎಂದು ದೂರುವವರು ಅವನ ಕೈಯಲ್ಲಿರುವ ಜಾವರ್ಶ್ನಿ ರಾದ್ ಅನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದು ಕಸುಬಿನ ಮೇಷ್ಟ್ರ ಸೊತ್ತು. ಭಾಷೆಯ ಮೇಷ್ಟ್ರ ಹತ್ತಿರ ಅದು ಬಂದರೂ ಕಾಗುಣಿತ ತಿದ್ದಿಸಿಕೊಳ್ಳಲು ಬರುತ್ತದೆ. 137 ಪೀರಿಯಡ್‌ಗಳ ಕೊರತೆಯನ್ನು ತುಂಬುವುದು ಸರ್ಕಾರದ ಕೈಯಲ್ಲಿದೆ. ಆದರೆ ಇರುವ 411ರಲ್ಲಿ ಹತ್ತು ಪೀರಿಯಡ್ ಆ ಬರಹಕ್ಕೆ ಕೊಟ್ಟು, ಕಸುಬಿನವರೂ ಭಾಷೆಯವರೂ ಒಂದೇ ಬೆಂಚಿನಲ್ಲಿ ಕೂರುವುದು ಶಾಲೆಯ ಕೈಯಲ್ಲಿದೆ. ಶರಾಫ್ ಎಂದವನಿಗೆ ‘ತಪ್ಪು, ವಿಯಾಕ್ ಎನ್ನು’ ಎಂದು ನಿಲ್ಲಿಸಿದರೆ ಅವನು ಬಾಯಿ ಮುಚ್ಚುತ್ತಾನೆ. ಅಂಗಡಿಯಲ್ಲಿ ಯಾವುದು, ವರದಿಯಲ್ಲಿ ಯಾವುದು, ಎರಡೂ ಏಕೆ ಹುಟ್ಟಿದವು ಎಂದು ಕೇಳಿದರೆ ಶೈಲಿಯ ಪಾಠ ಅಲ್ಲಿಯೇ ನಡೆಯುತ್ತದೆ.

ಹಾಗಾದರೆ ಸಾಹಿತ್ಯ ಬೇಡವೇ ಎಂದು ಮುಂದಿನ ಸಾಲಿನಲ್ಲಿ ಯಾರೋ ಹುಬ್ಬು ಗಂಟಿಕ್ಕಿದ್ದು ಕಂಡಿತು. ಬೇಕು, ಖಂಡಿತ ಬೇಕು. ವೃತ್ತಿಶಾಲೆಯ ಮಗುವಿಗೆ ಕವಿತೆ ಸಿಗುವ ಜಾಗ ಹಲವು ಸಲ ಅದೊಂದೇ. ಮಾರಿನ್ ದ್ರ್ಜಿಚ್ 1551ರಲ್ಲಿ ದುಬ್ರೊವ್ನಿಕ್‌ನಲ್ಲಿ ಆಡಿಸಿದ ಹಾಸ್ಯನಾಟಕ ಒಂದಿದೆ. ಅಪ್ಪ ಕೊಟ್ಟ ಹಣವನ್ನು ಮಗ ರೋಮಿನಲ್ಲಿ ಉಡಾಯಿಸುತ್ತಾನೆ, ಅಪ್ಪ ಹುಡುಕಿಕೊಂಡು ಬರುತ್ತಾನೆ. ಅದರ ಮಾತುಗಳಲ್ಲಿ ಇಟಾಲಿಯನ್ ಬೆರಕೆ ಎಷ್ಟಿದೆಯೆಂದರೆ, ನಮ್ಮ ಹುಡುಗ ಓದುತ್ತ ಓದುತ್ತ ತಲೆ ಎತ್ತಿ, ‘ಇವರೂ ಶರಾಫ್ ಶರಾಫ್ ಎಂದೇ ಮಾತಾಡುತ್ತಾರಲ್ಲ!’ ಎಂದ. ಗೈಡಿನಲ್ಲಿ ಆ ವಾಕ್ಯ ಇರಲಿಲ್ಲ. ಪ್ರಬಂಧವನ್ನು ಅಲ್ಲಿಂದ ಶುರು ಮಾಡು ಎಂದೆ. ಧೈರ್ಯ ಸಾಲಲಿಲ್ಲ, ಎರಡನೆಯ ಪ್ಯಾರಾಕ್ಕೆ ಸೇರಿಸಿದ.

2025ರ ಶರತ್ಕಾಲದಿಂದ ಅಲ್ಲಿಯ ವೃತ್ತಿಶಾಲೆಗಳು ಮಾಡ್ಯೂಲ್ ಪದ್ಧತಿಗೆ, ಎಂದರೆ ಬಿಡಿ ವಿಷಯಗಳ ಬದಲು ಘಟಕಗಳಾಗಿ ಕಲಿಸುವ ಪದ್ಧತಿಗೆ, ಕಾಲಿಟ್ಟಿವೆ. ಮೊದಲ ವರ್ಷದವರಿಂದ ಆರಂಭ. ವಿಷಯಗಳ ನಡುವಿನ ಗೋಡೆ ತೆಳುವಾದರೆ ಮೆಟ್ಟಿಲ ದೀಪವೂ ಪ್ರಬಂಧವೂ ಒಂದೇ ಮೇಜಿಗೆ ಬಂದಾವು. ಗೋಡೆ ತೆಳುಮಾಡುವ ಹೆಸರಿನಲ್ಲಿ ಭಾಷೆಯ ಪೀರಿಯಡ್ ತೆಳುವಾಗದಿದ್ದರೆ ಸಾಕು ಎಂಬುದು ನನ್ನ ಅಂಜಿಕೆ.

ಆ ಹುಡುಗ ಏನಾದ ಎಂದು ಚಹಾ ಹೊತ್ತಿನಲ್ಲಿ ಒಬ್ಬರು ಕೇಳಿದರು. ಕ್ರೊವೇಷಿಯನ್ ಮತುರಾದಲ್ಲಿ ಐದಕ್ಕೆ ಮೂರು ಬಂತು. ಎಲೆಕ್ಟ್ರಿಕಲ್ ಓದಲು ಸೇರಿದ. ಅವನ ಜಾವರ್ಶ್ನಿ ರಾದ್ ಬೈಂಡಾಗಿ ಬಂದು ಬಾಕಾ ಅವರ ಗಾಜಿನ ಕಪಾಟಿನಲ್ಲಿ ಕಾಫಿ ಕಪ್ಪುಗಳ ಪಕ್ಕ ಕೂತಿತು. ನಾವು ಊರಿಗೆ ಹೊರಡುವ ಹಿಂದಿನ ದಿನ ಅವರು ಅದನ್ನು ತೆಗೆದು, ಕನ್ನಡಕ ಏರಿಸಿ, ಹಾಳೆ ತಿರುವಿ ನೋಡಿದರು. ‘ಇಡೀ ಚಳಿಗಾಲ ನನ್ನ ಅಡುಗೆಮನೆಯಲ್ಲಿ ಶರಾಫ್ ಬಿಗಿಯುತ್ತ ಕೂತಿದ್ದ. ಇದರಲ್ಲಿ ಒಂದೇ ಒಂದು ಶರಾಫ್ ಇಲ್ಲ’ ಎಂದರು.

‘ವಿಯಾಕ್, ಬಾಕಾ’ ಎಂದ ಹುಡುಗ, ಪುಟ ತೋರಿಸುತ್ತ.

‘ಅದೇ, ಶರಾಫ್’ ಎಂದರು ಬಾಕಾ.